ಮೋತಿಯ ಗಂಟಲಲ್ಲಿ ಎಲುಬಿರಲಿಲ್ಲ

ನಳ ಕೆಮ್ಮಿದ ಹಾಗಿತ್ತು ಆ ಸದ್ದು.

ಕುರ್ಲಾದ ನಮ್ಮ ಚಾಳಿನಲ್ಲಿ ಮಧ್ಯಾಹ್ನ ಮೂರಕ್ಕೊಮ್ಮೆ ನೀರು ಬರುತ್ತಿತ್ತು. ಬರುವ ಮುಂಚೆ ಪೈಪಿನೊಳಗೆ ಗಾಳಿ ಖೊರ್ ಖೊರ್ ಎನ್ನುವುದು, ಆಮೇಲೆ ಒಂದು ದೊಡ್ಡ ನಿಟ್ಟುಸಿರು, ಆಮೇಲೆ ನೀರು. ಆ ಖೊರ್ ಖೊರ್ ಕೇಳಿದ ಕೂಡಲೇ ಮೇಲಿನವರು ಕೆಳಗಿನವರು ಎಲ್ಲ ಬಕೆಟ್ಟು ಹಿಡಿದು ಓಡುವುದೇ ಓಡುವುದು. ಆ ದಿನವೂ ಓಡಿದೆವು. ನಳ ಒಣಗಿತ್ತು. ಸದ್ದು ಮಾತ್ರ ಬರುತ್ತಲೇ ಇತ್ತು, ಮೆಟ್ಟಿಲಿನ ಕೆಳಗಿನಿಂದ.

ಅಲ್ಲಿ ಮೋತಿ ಬೊಗಳುತ್ತಿದ್ದ. ಬೊಗಳು ಅರ್ಧಕ್ಕೇ ಒಡೆದು ಊಳಾಗಿ ಹೋಗುತ್ತಿತ್ತು.

ಹೆಂಗಸರೆಲ್ಲ ನಕ್ಕು ವಾಪಸಾದರು. ನಾನೂ ನಕ್ಕೆ. ಹೌ ಸಿಲ್ಲಿ ವಿ ವರ್, ನಾಯಿಯ ಸದ್ದಿಗೆ ಬಕೆಟ್ಟು ತಂದವರು! ಅದು ಒಂದು ಕಾಯಿಲೆಯ ಮೊದಲ ಲಕ್ಷಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಇಪ್ಪತ್ತನಾಲ್ಕು. ಧಾರವಾಡದ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ, ಒಂದು ಟ್ರಂಕು ಮತ್ತು ಒಂದು ಹೊಲಿಗೆ ಮಷೀನಿನ ಜೊತೆ ಮುಂಬಯಿಗೆ ಬಂದವಳು. ಗಂಡ ವಸಂತ ಪವಾಯಿಯ ಕಡೆ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಒಂದೂವರೆ ಖೋಲಿಯಲ್ಲಿ ನಾವಿಬ್ಬರು ಮತ್ತು ಗದಗಿನಿಂದ ಬಂದಿದ್ದ ನನ್ನ ಅತ್ತೆ. ಹಿಂದಿನ ವರ್ಷ ನನಗೊಂದು ಮಿಸ್‌ಕ್ಯಾರೇಜ್ ಆಗಿತ್ತು. ಈಗ ಮತ್ತೆ ಐದು ತಿಂಗಳು. ಅತ್ತೆ ನನ್ನನ್ನು ಗಾಜಿನ ಸಾಮಾನಿನ ಹಾಗೆ ನೋಡಿಕೊಳ್ಳುತ್ತಿದ್ದರು. ಬಕೆಟ್ಟು ಕೂಡ ಅರ್ಧ ತುಂಬಿಸಿದ್ದೇ ಎತ್ತಬೇಕು.

ಮೋತಿ ಯಾರ ನಾಯಿಯೂ ಅಲ್ಲ. ಊರಿನಲ್ಲಿ ಅತ್ತೆ ಮೊದಲ ಜೋಳದ ಭಕ್ರಿಯನ್ನು ಆಕಳಿಗೆ ತೆಗೆದಿಡುತ್ತಿದ್ದರಂತೆ. ಕುರ್ಲಾದಲ್ಲಿ ಆಕಳೆಲ್ಲಿ? ಹಾಗಾಗಿ ಮೊದಲ ಭಕ್ರಿ ಆ ಕಂದು ಮರಿಗೆ. ಆರು ತಿಂಗಳ ಮರಿ ಇದ್ದೀತು. ಸುಮಾರು ತಿಂಗಳ ಹಿಂದೆ ಎರಡು ದಿನ ಕಾಣೆಯಾಗಿ, ಕಿವಿ ಹರಿದುಕೊಂಡು ಬಂದಿತ್ತು. ಮಡಿ ಉಟ್ಟಾಗ ಅದರ ನೆರಳೂ ಬೀಳಬಾರದು, ಮಡಿ ಕಳಚಿದ ಮೇಲೆ ಅದೇ ಮರಿಗೆ ಅತ್ತೆ ಕೈಯಾರೆ ತಿನ್ನಿಸುವರು. ಆ ಕೈಯೋ, ವರ್ಷಗಟ್ಟಲೆ ಬೂದಿಯಲ್ಲಿ ಪಾತ್ರೆ ತಿಕ್ಕಿ ಬಿರುಕು ಬಿಟ್ಟದ್ದು.

ಆ ಮಧ್ಯಾಹ್ನ ಮೋತಿ ಭಕ್ರಿ ಮೂಸಿ ಬಿಟ್ಟ. ಕೆಳದವಡೆ ಜೋತುಬಿದ್ದಿತ್ತು. ಬಾಯಿಂದ ನೂಲಿನ ಹಾಗೆ ಜೊಲ್ಲು.

"ಸುಮಾ, ಬಾ ಇಲ್ಲೆ," ಅತ್ತೆ ಕೂಗಿದರು. "ಇದರ ಗಂಟಲದಾಗ ಎಲುಬು ಸಿಕ್ಕದ ನೋಡು. ಆ ರೋಜಿ ಮಟನ್ ತಿಂದು ಒಗದಿರಬೇಕು."

ರೋಜಿ ಆಂಟಿ ನಮ್ಮ ಪಕ್ಕದ ಖೋಲಿಯವರು. ವಸಯಿ ಕಡೆಯ ಕ್ರಿಶ್ಚಿಯನ್ನರು, ಗಂಡ ಹಡಗಿನಲ್ಲಿ. ಅತ್ತೆಗೂ ಅವರಿಗೂ ಮಾತಿಲ್ಲ, ನಡುವೆ ಒಂದು ತೆಳು ಗೋಡೆ ಮತ್ತು ಮಸಾಲೆಯ ವಾಸನೆ.

"ನಾ ಬಾಯಿ ಅಗಲಿಸಿ ಹಿಡೀತೀನಿ. ನಿನ್ನ ಬೆರಳು ಸಣ್ಣವ ಅವ, ನೀ ತಗಿ."

ನನಗೆ ಹೆದರಿಕೆಯೇ ಆಗಲಿಲ್ಲ. ಗರ್ಲ್ ಗೈಡ್ ಆಗಿದ್ದವಳಲ್ಲವೇ, ಫಸ್ಟ್ ಏಡ್ ಬ್ಯಾಡ್ಜ್ ಇತ್ತು. ಎರಡು ಬೆರಳು ಗಂಟಲಿನವರೆಗೆ ಇಳಿಸಿ ತಡಕಿದೆ. ಬಿಸಿ, ಜಿಗುಟು.

"ಏನೂ ಇಲ್ಲರಿ ಅತ್ತಿ."

"ಕೆಳಗ ಇಳದದ. ಇನ್ನೊಂದೀಟು ಒಳಗ ನೋಡು."

ಮೋತಿ ತಲೆ ಒದರಿದ. ಹಲ್ಲು ನನ್ನ ಬೆರಳ ಗಿಣ್ಣು ತರಚಿತು. ಎರಡು ಕೆಂಪು ಗೆರೆ, ಅಷ್ಟೇ. ಅದನ್ನು ಕಚ್ಚಿದ್ದು ಅನ್ನಲೂ ಆಗದು. ಅತ್ತೆ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಅದರ ಮೇಲೆ ಮೆತ್ತಿದರು. ಉರಿಯಿತು. ಉರಿದರೆ ವಾಸಿಯಾಗುತ್ತಿದೆ ಎಂದೇ ನಾವು ತಿಳಿದಿದ್ದ ಕಾಲ.

ಮರುದಿನ ಬೆಳಿಗ್ಗೆ ಮೋತಿ ಸತ್ತಿದ್ದ. ಜಾಡಮಾಲಿ ಕಸದ ಗಾಡಿಯಲ್ಲಿ ಹಾಕಿಕೊಂಡು ಹೋದ.

ಅತ್ತೆಗೆ ಅಳು ಬರಲಿಲ್ಲ, ಸಿಟ್ಟು ಬಂತು. ಪಡಸಾಲೆಯಲ್ಲಿ ನಿಂತು ರೋಜಿ ಆಂಟಿಯ ಬಾಗಿಲು ಬಡಿದು, ಎಲುಬು ಯಾಕೆ ಹಾಕಿದೆ ಎಂದು ತಮಗೆ ಬರುತ್ತಿದ್ದ ಹಿಂದಿಯಲ್ಲಿ ಶುರು ಮಾಡಿದರು. "ತುಮ್ ಹಡ್ಡಿ ಕಾಯಕೊ ಡಾಲ್ಯಾ? ಮೋತಿ ಮರ್ ಗಯಾ! ಮೂಕಪ್ರಾಣಿ ಐತಿ ಓ!"

ರೋಜಿ ಆಂಟಿ ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದರು. "ಹಡ್ಡಿ? ಮೇರೇ ಘರ್ ಮೇ ಹಡ್ಡಿ? ಆಕೇ ದೇಖೋ, ಗಂಜಿ ಹೈ ಔರ್ ಅಚಾರ್ ಹೈ!" ಆಮೇಲೆ ನನ್ನ ಕಡೆ ತಿರುಗಿ, "ಸುಮಾ, ಯೂ ಸ್ಟಡೀಡ್ ವಿತ್ ದ ನನ್ಸ್, ನೋ? ಇಟ್ ಈಸ್ ಲೆಂಟ್, ಮೆನ್! ನೋ ಮೀಟ್, ನೋ ಫಿಶ್. ಐ ಮೇಡ್ ಎ ವೌ."

ಲೆಂಟ್. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ. ಶಾಲೆಯಲ್ಲಿ ಆ ನಲವತ್ತು ದಿನ ನಾವು ಹಿಂದೂ ಹುಡುಗಿಯರೂ ಪೆಪ್ಪರ್‌ಮಿಂಟು ಬಿಡುತ್ತಿದ್ದೆವು, ಸಿಸ್ಟರ್ ಮೆಚ್ಚಲಿ ಅಂತ. ನನಗೆ ಗೊತ್ತಿರಬೇಕಿತ್ತು. ಚಾಳಿನ ಆ ಸಾಲಿನಲ್ಲಿ ಎಲುಬು ಒಗೆಯುವ ಮನೆ ಅದೊಂದೇ, ಅಲ್ಲೂ ಎರಡು ವಾರದಿಂದ ಎಲುಬಿಲ್ಲ.

ರೋಜಿ ಆಂಟಿಯ ಮುಖ ಬದಲಾಯಿತು. ದನಿ ಇಳಿಯಿತು.

"ಹಡ್ಡಿ ನಹೀ ಥಾ, ತೋ ಉಸ್ಕೋ ಹುವಾ ಕ್ಯಾ?"

ಜೊಲ್ಲು ಸುರಿಯುತ್ತಿತ್ತೇ, ದನಿ ಬದಲಾಗಿತ್ತೇ ಎಂದು ಒಂದೊಂದಾಗಿ ಕೇಳಿದರು.

"ಮೂಹ್ ಸೇ ಪಾನಿ ಗಿರ್ತಾ ಥಾ? ಆವಾಜ್ ಬದಲ್ ಗಯಾ ಥಾ?" ಆಮೇಲೆ, ನಿಧಾನವಾಗಿ, "ಹಾಥ್ ಕಿಸ್ನೇ ಡಾಲಾ?"

ಅದರ ಬಾಯಿಗೆ ಕೈ ಹಾಕಿದವಳು ನಾನು, ಕ್ಲಾಸಿನಲ್ಲಿ ಎತ್ತುವ ಹಾಗೆ ಬಲಗೈ ಎತ್ತಿದೆ.

ಅವರು ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದರು, ತಮ್ಮ ಖೋಲಿಯ ಬಚ್ಚಲ ಮೋರಿಗೆ. ಪೀಪಾಯಿಯ ನೀರು, ಬಟ್ಟೆ ಒಗೆಯುವ ಸೋಪು. ಸುಣ್ಣವನ್ನೆಲ್ಲ ತೊಳೆದು ತೆಗೆದರು. "ತಿಕ್ಕುತ್ತಿರು, ನನ್ನ ರೋಸರಿ ಮುಗಿಯುವವರೆಗೆ ನಿಲ್ಲಿಸಬೇಡ," ಎಂದು ಹಿಂದಿಯಲ್ಲಿ ಹೇಳಿ ಜಪಸರ ಎಣಿಸಲು ಶುರು ಮಾಡಿದರು. ಒಂದು ಕೈಯಲ್ಲಿ ತಂಬಿಗೆ, ಒಂದು ಕೈಯಲ್ಲಿ ಸರ. ನಾನು ತಿಕ್ಕುತ್ತಿದ್ದೆ, ಅವರು ನೀರು ಸುರಿಯುತ್ತಿದ್ದರು. ಅರ್ಧಕ್ಕೆ ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ, "ತುಮ್ ಭೀ! ಹಾಥ್ ದಿಖಾವೋ!" ಎಂದರು. ಆ ಹೊಸ್ತಿಲನ್ನು ಎಂದೂ ದಾಟದಿದ್ದ ಅತ್ತೆ ಒಳಗೆ ಬಂದು ಕೈ ಚಾಚಿದರು. ಬಿರುಕಿನ ತುಂಬ ನಿನ್ನೆಯ ಜೊಲ್ಲು ಇಳಿದಿರಬಹುದು ಎಂದು ನಮ್ಮಿಬ್ಬರಿಗೂ ಆಗಲೇ ಹೊಳೆದದ್ದು.

ಗಾಯ ಆದ ಕೂಡಲೇ ಮಾಡಬೇಕಾದದ್ದನ್ನು ನಾವು ಮರುದಿನ ಮಾಡಿದೆವು. ಆದರೂ ಮಾಡಿದೆವು.

"ಮೈ ಬಿಗ್ ಬ್ರದರ್," ಎಂದಷ್ಟೇ ಹೇಳಿದರು ರೋಜಿ ಆಂಟಿ, ನನ್ನ ಕೈ ಒರೆಸುತ್ತ. "ನಾಯಿ ಕಚ್ಚಿತ್ತು. ನೀರಿನ ಲೋಟ ತುಟಿಗೆ ಬಂದರೆ ಸಾಕು, ಗಂಟಲು ಬಿಗಿಯುತ್ತಿತ್ತು. ನಾಕ್ ದಿನ. ಬಸ್." ಆಮೇಲೆ ಚಾಳಿನ ಬಾಗಿಲು ಬಾಗಿಲಿಗೂ ಹೋಗಿ ಯಾರು ಯಾರು ಆ ಮರಿಯನ್ನು ಮುಟ್ಟಿದ್ದರು ಎಂದು ಕೇಳಿ ಬಂದರು.

ದಾದರಿನಾಚೆ ಒಂದು ದೊಡ್ಡ ಸರಕಾರಿ ಆಸ್ಪತ್ರೆ. ವಸಂತ ರಜೆ ಹಾಕಿ ನಮ್ಮನ್ನು ಕರೆದುಕೊಂಡು ಹೋದರು. ಓಪಿಡಿಯಲ್ಲಿ ಬೆಂಚು ತುಂಬ ಜನ. ವಯಸ್ಸಾದ ಡಾಕ್ಟರು ಎಲ್ಲ ಕೇಳಿದರು. ನಾಯಿ ಎಲ್ಲಿ? ಸತ್ತಿತು. ಹೆಣ? ಹೋಯಿತು. ನಾಯಿ ಬದುಕಿದ್ದರೆ ಹತ್ತು ದಿನ ಕಟ್ಟಿಹಾಕಿ ನೋಡಬಹುದಿತ್ತು, ಹೆಣವಿದ್ದರೆ ಮೆದುಳು ಟೆಸ್ಟ್ ಮಾಡಬಹುದಿತ್ತು. ಎರಡೂ ಇಲ್ಲ.

"ಹದಿನಾಲ್ಕು ಇಂಜೆಕ್ಷನ್," ಎಂದರು ಅವರು ಇಂಗ್ಲಿಷಿನಲ್ಲಿ. "ದಿನಕ್ಕೊಂದು. ಹೊಟ್ಟೆಗೆ."

ಹೊಟ್ಟೆಗೆ.

ವಸಂತ ಅತ್ತೆಗೆ ಕನ್ನಡದಲ್ಲಿ ಹೇಳುವ ಮುಂಚೆಯೇ ಅವರಿಗೆ ತಿಳಿದಿತ್ತು. ಡಾಕ್ಟರ ಬೆರಳು ನನ್ನ ಸೆರಗಿನ ಕಡೆ ಇತ್ತು. "ಬ್ಯಾಡ," ಎಂದರು ಅತ್ತೆ. "ಆಕಿ ಬಸರಿ. ಕೂಸಿಗೆ ಚುಚ್ಚತಾರೇನು? ಒಂದ ಹೋಗ್ಯದ. ಇದನ್ನೂ ಕಳಕೊಳ್ಳಲಿ? ನಡಿ ವಸಂತಾ, ಊರಿಗೆ ಹೋಗೂಣು. ನಮ್ಮಲ್ಲೆ ಬೇರು ಕೊಡತಾರ."

"ಅವ್ವಾ, ಒಂದ ನಿಮಿಷ ಕೇಳು," ಎಂದರು ವಸಂತ. ನಿಜ ಹೇಳುತ್ತೇನೆ, ಆ ಕ್ಷಣ ನಾನು ಅತ್ತೆಯ ಪಕ್ಷವೇ. ಕಾನ್ವೆಂಟಿನ ಬಯಾಲಜಿಯೆಲ್ಲ ಎಲ್ಲಿ ಹೋಯಿತೋ. ಒಳಗೆ ಮಗು ಒಮ್ಮೆ ಮಿಸುಕಿತು, ಮೀನು ಹೊರಳಿದ ಹಾಗೆ. ನಾನು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೆ.

ಡಾಕ್ಟರು ಗದರಲಿಲ್ಲ. ಕಾಗದ ತೆಗೆದು ಒಂದು ಗೆರೆ ಎಳೆದರು. ನಾಯಿಯ ಜೊಲ್ಲಿನಲ್ಲಿರುವ ಹುಚ್ಚುನಾಯಿ ರೋಗದ ವೈರಸ್ ರಕ್ತದಲ್ಲಿ ಓಡುವುದಿಲ್ಲ, ನರ ಹಿಡಿದು ಮೆದುಳಿಗೆ ಹೋಗುತ್ತದೆ ಎಂದರು. "ಅದು ಸ್ಲೋ ಲೋಕಲ್. ಬೆರಳಲ್ಲಿ ಹತ್ತಿದೆ, ಎಲ್ಲಾ ಸ್ಟೇಷನ್ನಿನಲ್ಲಿ ನಿಂತು ಹೋಗುತ್ತದೆ. ನಾವು ಫಾಸ್ಟ್ ಹಿಡಿದು ಅದಕ್ಕಿಂತ ಮುಂಚೆ ತಲುಪಬೇಕು. ಅದು ಮೊದಲು ತಲುಪಿದರೆ ನನ್ನ ಹತ್ತಿರ ಔಷಧವಿಲ್ಲ, ಯಾರ ಹತ್ತಿರವೂ ಇಲ್ಲ. ಆಗ ತಾಯಿಯೂ ಇಲ್ಲ, ಮಗುವೂ ಇಲ್ಲ." ಮತ್ತೆ ಹೇಳಿದರು: ಸೂಜಿ ಚರ್ಮದ ಕೆಳಗಷ್ಟೇ ಹೋಗುತ್ತದೆ, ಗರ್ಭಕ್ಕೆ ಮುಟ್ಟುವುದಿಲ್ಲ. ಮರಿ ಕಚ್ಚಿದರೂ, ತರಚಿದರೂ, ಒಡೆದ ಚರ್ಮವನ್ನು ನೆಕ್ಕಿದರೂ ಅಪಾಯ ಅಪಾಯವೇ. ಮುದುಕಿಗೂ ಹದಿನಾಲ್ಕು.

ವಸಂತ ಎಲ್ಲವನ್ನೂ ಕನ್ನಡಕ್ಕೆ ತಂದರು. ಅತ್ತೆ ನಂಬಲಿಲ್ಲ. ಆಗ ಇಂಜೆಕ್ಷನ್ ಕೊಡುವ ಕಾಂಪೌಂಡರ್ ಕಡೆಯಿಂದ ಒಂದು ಮಾತು ಬಂತು.

"ಅಮ್ಮಾರ, ಯಾವೂರ್ರೀ ನಿಮ್ದು?"

ಅತ್ತೆ ತಿರುಗಿದರು. ಎತ್ತರದ ಆಳು, ಬಿಳಿ ಗಡ್ಡ ಶುರುವಾಗಿತ್ತು, ಖಾಜಾಸಾಬ ಎಂದು ಹೆಸರು, ವಿಜಾಪುರ ಕಡೆಯವರು. "ಇಪ್ಪತ್ತ ವರ್ಷ ಆತ್ರಿ ಇದ ಕೆಲಸ. ಬಸರ್ಯಾರೂ ಬಂದಾರ, ಹಡದ ಮ್ಯಾಲ ಪೇಢೆ ತಂದಾರ. ಬೇರು ನಂಬಿ ಹ್ವಾದವರು..." ಎಂದವರೇ ಸಿರಿಂಜಿನ ಕಡೆ ನೋಡಿದರು.

ಅತ್ತೆ ಆ ಸಿರಿಂಜು ನೋಡಿದರು. ದಪ್ಪ ಗಾಜಿನದು, ಕುದಿಯುವ ನೀರಿನಿಂದ ಆಗಷ್ಟೇ ತೆಗೆದದ್ದು.

"ಹಂಗಾರ ಮೊದಲ ನನ್ನ ಹೊಟ್ಟೀಗೆ ಚುಚ್ಚು," ಎಂದರು. "ಎಷ್ಟ ಒಳಗ ಹೋಗತದ ನಾ ನೋಡತೀನಿ. ಆಮ್ಯಾಲೆ ಆಕೀಗೆ."

ಹದಿನೆಂಟು ವರ್ಷದಿಂದ ವಿಧವೆ. ಪರ ಗಂಡಸಿನ ಎದುರು ತಲೆಯ ಮೇಲಿನ ಸೆರಗು ಜಾರಲು ಬಿಟ್ಟವರಲ್ಲ. ಪರದೆಯ ಹಿಂದೆ ಆ ಮರದ ಮೇಜಿನ ಮೇಲೆ ಮಲಗಿ, ತಾವೇ ಸೀರೆ ಸರಿಸಿ, ಮೊಣಕೈ ಊರಿ ತಲೆ ಎತ್ತಿ ನೋಡಿದರು. ಖಾಜಾಸಾಬರು ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು, ನಾದಿದ ಹಿಟ್ಟನ್ನು ಚಿವುಟಿ ಎತ್ತುವ ಹಾಗೆ. ಸೂಜಿ ಓರೆಯಾಗಿ ಹೋಯಿತು. ಹಾಲಿನಂಥ ಮಂದ ಔಷಧ ನಿಧಾನ, ಬಹಳ ನಿಧಾನ ಇಳಿಯಿತು. ಅಲ್ಲಿ ಒಂದು ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತು. ಅತ್ತೆ ಕಣ್ಣು ಪಿಳುಕಿಸಲಿಲ್ಲ. ಹಲ್ಲು ಕಚ್ಚಿ ಸೂಜಿಯ ಉದ್ದ ಅಳೆಯುತ್ತಿದ್ದರು.

"ಮ್ಯಾಲಿಂದ ಮ್ಯಾಲೆ ಹೋಗತದ," ಎಂದು ಎದ್ದು ಕೂತರು. ಬೆವರಿದ್ದರು. "ಸುಮಾ, ಬಾ. ಅಂಜಬ್ಯಾಡ."

ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಇದನ್ನು ಬರೆಯುವಾಗಲೂ ನಾನು ಪೆನ್ನು ಕೆಳಗಿಡಬೇಕಾಯಿತು.

ಆ ಹದಿನಾಲ್ಕು ದಿನ ನಮ್ಮ ಮನೆಯ ವೇಳಾಪಟ್ಟಿಯೇ ಬೇರೆ. ಅತ್ತೆ ನಾಲ್ಕಕ್ಕೆ ಎದ್ದು ಪೂಜೆ ಮುಗಿಸುವರು. ಏಳಕ್ಕೆ ಕುರ್ಲಾದಿಂದ ಲೋಕಲ್, ದಾದರಿನಲ್ಲಿ ಇಳಿದು ನಡಿಗೆ, ಬೆಂಚು, ಸರದಿ. ಭಾನುವಾರವೂ ಇಲ್ಲ, ಏಕಾದಶಿಯೂ ಇಲ್ಲ. ಇಂದು ಎಡಕ್ಕೆ, ನಾಳೆ ಬಲಕ್ಕೆ. ಐದನೆಯ ದಿನಕ್ಕೆ ಹೊಟ್ಟೆಯ ಸುತ್ತ ಗಡ್ಡೆಗಳು, ತುರಿಕೆ, ಸಣ್ಣ ಜ್ವರ. ಸೀರೆಯ ನಿರಿಗೆ ಎಲ್ಲಿ ಸಿಕ್ಕಿಸಿದರೂ ನೋವು. ಒಬ್ಬರಿಗೊಬ್ಬರು ಉಬ್ಬು ತೋರಿಸಿ ಹೋಲಿಸುವುದೇ ಒಂದು ಆಟವಾಯಿತು. "ನಿಂದು ಲಿಂಬಿ, ನಂದು ಮೋಸಂಬಿ," ಎನ್ನುವರು ಅತ್ತೆ.

ನೋವಿಗಿಂತ ದೊಡ್ಡದು ನೀರು. ಪ್ರತಿ ಸಲ ಲೋಟ ಎತ್ತಿದಾಗ ಗಂಟಲ ಮೇಲೆ ನನ್ನ ಗಮನ. ಬಿಗಿಯಿತೇ? ಇಲ್ಲ. ಇಳಿಯಿತು. ಮತ್ತೊಂದು ಗುಟುಕು. ಅತ್ತೆ ಮಾತಾಡುತ್ತ ಮಾತಾಡುತ್ತ ನನ್ನ ಲೋಟದ ಕಡೆಯೇ ನೋಡುತ್ತಿರುವುದನ್ನು ನಾನು ಗಮನಿಸಿದೆ. ನಾನು ಅವರದನ್ನು ನೋಡುತ್ತಿದ್ದುದನ್ನು ಅವರೂ ಗಮನಿಸಿರಬೇಕು. ಇಬ್ಬರೂ ಬೇಕಾದ್ದಕ್ಕಿಂತ ಜಾಸ್ತಿ ನೀರು ಕುಡಿದೆವು, ಒಬ್ಬರಿಗೊಬ್ಬರು ಧೈರ್ಯ ಹೇಳಲಿಕ್ಕೆ.

ನಾಲ್ಕನೆಯ ದಿನ ಒಂದು ಎಡವಟ್ಟಾಯಿತು. ಖಾಜಾಸಾಬರ ಜೊತೆ ಊರ ಕಡೆಯ ಮಾತಾಡುವುದು ಅತ್ತೆಗೆ ಆಗಲೇ ರೂಢಿಯಾಗಿತ್ತು. ಸುಮ್ಮನೆ ಕೇಳಿದರು, "ಈ ಔಷಧ ಯಾವ ಗಿಡದ್ದೋ?"

"ಗಿಡದ್ದಲ್ರೀ ಅಮ್ಮಾರ. ಕುರಿ ಮೆದುಳಿಂದ ಮಾಡತಾರ."

ನನಗೆ ಮೊದಲ ದಿನವೇ ಡಾಕ್ಟರಿಂದ ಗೊತ್ತಾಗಿತ್ತು. ಬಚ್ಚಿಟ್ಟಿದ್ದೆ. ನೀರುಳ್ಳಿ ಮುಟ್ಟಿದರೆ ಕೈ ತೊಳೆಯುವ ಅತ್ತೆ, ಎಲುಬಿನ ಮಾತಿಗೆ ಪಕ್ಕದ ಮನೆಯ ಬಾಗಿಲು ಬಡಿದ ಅತ್ತೆ. ಖಾಜಾಸಾಬರಿಗೆ ತಾವು ಏನು ಹೇಳಿದೆವೆಂದು ತಡವಾಗಿ ತಿಳಿಯಿತು. "ತಪ್ಪಾತೇನ್ರೀ?" ಎಂದು ನನ್ನನ್ನು ನೋಡಿದರು.

ಅಂದಿನ ಇಂಜೆಕ್ಷನ್ ಆಗಿತ್ತು, ಅತ್ತೆ ಎದ್ದು ಹೊರಗೆ ನಡೆದರು. ಲೋಕಲಿನಲ್ಲಿ ಕಿಟಕಿ ಹೊರಗೇ ಮುಖ. ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡರು. ಆ ದಿನ ಉಣ್ಣಲಿಲ್ಲ. ವಸಂತ ಬಂದು ಕೇಳಿದರೆ, "ಹಸಿವಿಲ್ಲ," ಅಷ್ಟೇ. ಇನ್ನು ಅವರು ಬರುವುದಿಲ್ಲ, ಅವರಿಲ್ಲದೆ ನನಗೂ ಆ ಮೇಜಿನ ಮೇಲೆ ಮಲಗುವ ಧೈರ್ಯವಿಲ್ಲ ಎಂದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಇಳಕಲ್ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಲಗು ಬಾ. ಗಾಡಿ ತಪ್ಪತದ."

ಸ್ಟೇಷನ್ನಿನ ಅರ್ಧ ದಾರಿಯಲ್ಲಿ, ನನ್ನ ಮುಖ ನೋಡದೆ ಹೇಳಿದರು, "ಆ ಕುರಿ ಯಾವ ಜಲ್ಮದಾಗ ನಮಗ ಏನಾಗಿತ್ತೋ. ಜೀವಾ ಕೊಟ್ಟದ. ಬ್ಯಾಡ ಅನ್ನಲಿಕ್ಕೆ ನಾ ಯಾರು?"

ಅದೇ ಸಂಜೆ ರೋಜಿ ಆಂಟಿಯ ಬಾಗಿಲಿಗೆ ಹೋದರು. ಕೈಯಲ್ಲಿ ಮುಚ್ಚಿದ ಪಾತ್ರೆ. ತಪ್ಪಾಯಿತು ಅನ್ನುವ ಶಬ್ದ ಅವರ ಬಾಯಲ್ಲಿ ಬರುವುದು ಕಷ್ಟ. "ನಲವತ್ತ ದಿನಾ ಬರೇ ಗಂಜಿ ಕುಡೀತಾಳ ಪಾಪ, ಕಾಯಿಪಲ್ಯಾ ಮಾಡಲಿಕ್ಕೆ ಬರೂದಿಲ್ಲ ಆಕೀಗೆ," ಎಂದು ನನಗೆ ಹೇಳಿದರು, ಆಂಟಿಗೆ ಹೇಳಬೇಕಾದ್ದನ್ನು. ಅಂದಿನಿಂದ ಈಸ್ಟರಿನವರೆಗೆ ದಿನಾ ಒಂದು ಪಾತ್ರೆ. ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳು, ಹೋಳಿಗೆ.

"ಯೇ ಉಪವಾಸ್ ಹೈ ಯಾ ಶಾದೀ?" ರೋಜಿ ಆಂಟಿ ಪಡಸಾಲೆಯಲ್ಲಿ ನಿಂತು ಕೂಗಿದರು. "ಸುಮಾ, ಟೆಲ್ ಹರ್, ಗಾಡ್ ವಿಲ್ ನಾಟ್ ಬಿಲೀವ್ ಮಿ!"

ಹದಿನಾಲ್ಕನೆಯ ದಿನ ಮುಗಿಯಿತು. ಮುಗಿದರೂ ಭಯ ತಕ್ಷಣ ಹೋಗುವುದಿಲ್ಲ. ಈ ರೋಗ ಕೆಲವು ಸಲ ತಿಂಗಳುಗಟ್ಟಲೆ ಸುಮ್ಮನಿರುತ್ತದೆ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಕೈ ಜುಮ್ಮೆಂದರೆ ಎದ್ದು ಒಂದು ಲೋಟ ನೀರು ಕುಡಿದು ನೋಡುತ್ತಿದ್ದೆ. ಮಳೆಗಾಲ ಬಂತು, ಹಳಿಗಳ ಮೇಲೆ ನೀರು ನಿಂತು ಲೋಕಲ್ಲು ನಿಂತ ಒಂದು ದಿನ ನನಗೆ ನೋವು ಶುರುವಾಯಿತು. ಹೆಣ್ಣುಮಗು. ಅತ್ತೆ ಕೂಸಿನ ಬಟ್ಟೆ ಬಿಚ್ಚಿ ಅದರ ಮೈಯನ್ನು ಇಂಚಿಂಚಾಗಿ ನೋಡಿದರು, ಬೆನ್ನು, ತೊಡೆ, ಹೊಟ್ಟೆ, ಬೆರಳ ಸಂದಿ. ಮತ್ತೆ ಸುತ್ತಿ ನನ್ನ ತೋಳಿಗಿಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಗುವಿಗೆ ಅನು ಎಂದು ಹೆಸರಿಟ್ಟೆವು.

ಈಗ ಹೊಟ್ಟೆಗೆ ಚುಚ್ಚುವುದಿಲ್ಲ, ಕುರಿಯ ಮೆದುಳೂ ಇಲ್ಲ. ತೋಳಿಗೆ ನಾಲ್ಕೈದು, ಗಾಯ ಜೋರಿದ್ದರೆ ಗಾಯದ ಸುತ್ತಲೂ ಇನ್ನೊಂದು ಔಷಧ. ಎಷ್ಟು ಸುಲಭ! ಆದರೂ ನಮ್ಮ ಬಿಲ್ಡಿಂಗಿನ ಹುಡುಗಿಯರು, "ಆಂಟಿ, ಪಪ್ಪಿ ಹೈ, ಬಸ್ ಸ್ಕ್ರ್ಯಾಚ್ ಹೈ," ಎನ್ನುತ್ತಾರೆ. ನಾನು ಅವರ ಕೈ ಹಿಡಿದು ಎಳೆದುಕೊಂಡೇ ಹೋಗುತ್ತೇನೆ. ಹದಿನೈದು ನಿಮಿಷ ಸೋಪು ಮತ್ತು ಹರಿಯುವ ನೀರು. ಅರಿಸಿನ ಬೇಡ, ಸುಣ್ಣ ಬೇಡ, ಖಾರದ ಪುಡಿ ಬೇಡ. ಆಮೇಲೆ ಅದೇ ದಿನ ಆಸ್ಪತ್ರೆ, ಹೇಳಿದಷ್ಟು ಡೋಸು, ಒಂದನ್ನೂ ಬಿಡದೆ. ಸಾಕಿದ ನಾಯಿಗೆ ವರ್ಷ ವರ್ಷ ಲಸಿಕೆ. ಬಾಯಲ್ಲಿ ಜೊಲ್ಲು ಸುರಿಸುವ ಪ್ರಾಣಿಯ ಗಂಟಲಿಗೆ ಕೈ ಹಾಕಬೇಡಿ, ಎಷ್ಟು ಪ್ರೀತಿಯಿದ್ದರೂ. ಕ್ರ್ಯಾಂಕಿ ಓಲ್ಡ್ ಲೇಡಿ ಎಂದು ಅವರು ನಕ್ಕರೆ ನಗಲಿ.

ಖಾಜಾಸಾಬರನ್ನು ನಾನು ಕೊನೆಯ ಸಲ ನೋಡಿದ್ದು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನ್ನ ಕೈ ಹಿಡಿದಿದ್ದ ಅನುವಿಗೆ ಏಳು ತುಂಬಿತ್ತು. ಖಾಜಾಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಾನೇ ಹೋಗಿ ಎದುರು ನಿಂತೆ. ಅವರಿಗೆ ಗುರುತು ಸಿಗಲಿಲ್ಲ.

"ಅತ್ತಿ ಸೊಸಿ, ಇಬ್ಬರೂ ಬರತಿದ್ವಿ. ಗದಗಿನವರು."

"ಯಪ್ಪಾ! ಆ ಅಮ್ಮಾರು!" ಎಂದರು. "ಹ್ಯಾಂಗದಾರ?"

"ಹೋದ ವರ್ಷ ತೀರಿಕೊಂಡ್ರು. ವಯಸ್ಸಾಗಿತ್ತು. ನಿದ್ದಿಯೊಳಗ."

ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ ಅನುವಿನ ಕಡೆ ನೋಡಿದರು. ಆ ಕೂಸು ಇವಳೇ ಏನು ಎಂಬಂತೆ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಥ್ಯಾಂಕ್ ಯೂ ಎಂದೆ ನಾನು, ಎಷ್ಟು ಚಿಕ್ಕ ಮಾತು ಅದು. ಅವರು ಕೈ ಬೀಸಿದರು, "ಹೋಗ್ರಿ ಹೋಗ್ರಿ, ನಿಮ್ಮ ಗಾಡಿ ಬಂತು."

ಅನು ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲು ಇಳಿದು ಓಡಿದಳು, ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರುತ್ತ. ಲೇಡೀಸ್ ಡಬ್ಬಿ ಹತ್ತುವ ಮುಂಚೆ ಒಮ್ಮೆ ತಿರುಗಿ ನೋಡಿದೆ. ಜನ ಅವರ ಎಡಕ್ಕೂ ಬಲಕ್ಕೂ ನುಗ್ಗುತ್ತಿದ್ದರು. ಖಾಜಾಸಾಬರು ಕಟಕಟೆ ಹಿಡಿದು ನಿಂತಲ್ಲೇ ನಿಂತು, ಅವಳು ಓಡುವುದನ್ನೇ ನೋಡುತ್ತಿದ್ದರು.